ಒಂದು ಗೇಣು ದೂರ

ಮೇ 24, ಬೆಳಗ್ಗೆ

ಬಾಟಲಿ ಕುದಿಸಿದ್ದಾಯಿತು. ಬಟ್ಟೆ ಒಣಹಾಕಿದ್ದಾಯಿತು. ಈಗ ಕೂತೆ. ಎಲ್ ಬೋರ್ಡ್ ಮಲಗಿದೆ — ಬಾಯಿ ತೆರೆದು, ಎರಡೂ ಕೈ ಮೇಲೆತ್ತಿ, ಪೊಲೀಸರಿಗೆ ಶರಣಾದ ಹಾಗೆ.

ಮಗುವಿಗೆ ಹೆಸರಿಡುವುದು ಅದರ ಅಪ್ಪ ಬಂದ ಮೇಲಂತೆ. ಅಲ್ಲಿಯವರೆಗೆ ಎಲ್ ಬೋರ್ಡ್. ರಸ್ತೆಗೆ ಹೊಸತು, ನಿಯಮ ಒಂದೂ ಗೊತ್ತಿಲ್ಲ, ಹಾರ್ನ್ ಮಾತ್ರ ಜೋರು. ಇಷ್ಟು ವರ್ಷ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ಕಲಿಸಿದವಳಿಗೆ ಬೇರೆ ಹೆಸರು ಹೊಳೆಯುವುದಾದರೂ ಹೇಗೆ.

ಅವಸರದ ಕೂಸು. ಐದು ವಾರ ಮೊದಲೇ ಹೊರಟು ಬಂತು. ಹುಟ್ಟಿದಾಗ ಸ್ವಲ್ಪ ಹೊತ್ತು ಉಸಿರೇ ಎಳೆಯಲಿಲ್ಲ. ಆಮೇಲೆ ಆಸ್ಪತ್ರೆಯ ಗಾಜಿನ ಪೆಟ್ಟಿಗೆ. ಹೆತ್ತ ನನ್ನ ತಂಗಿಗೆ ಆಪರೇಷನ್, ಅದರ ಮೇಲೆ ಜ್ವರ, ಹಾಲೂ ಬತ್ತಿತು. ಅವಳ ಗಂಡ ಸರಕು ಹಡಗಿನ ಇಂಜಿನ್ ರೂಮಿನಲ್ಲಿ — ದಡ ಮುಟ್ಟುವುದು ಆಗಸ್ಟ್ ಕೊನೆಗೆ. ಹಾಗಾಗಿ ನನ್ನ ಮನೆಗೆ ಬೀಗ. ತಂಗಿಯ ಫ್ಲಾಟಿನ ಮುಂದಿನ ಕೋಣೆಯಲ್ಲಿ ನಾನು ಮತ್ತು ತೊಟ್ಟಿಲು. ಒಳಕೋಣೆಯಲ್ಲಿ ತಂಗಿ, ಗೋಡೆಗೆ ಮುಖ ಮಾಡಿಕೊಂಡು.

ಇವತ್ತು ಬಾಗಿಲಲ್ಲಿ ನಿಂತು ಕೇಳಿದೆ: "ಮಗು ನೋಡ್ಕೊಳ್ಳೋಕೆ ಆಯಾ ಒಬ್ಬಳನ್ನ ಗೊತ್ತು ಮಾಡ್ಲಾ?"

ಗೋಡೆಗೇ ಹೇಳಿದಳು: "ಯಾರೂ ಬೇಡ. ನೀನೇ ಸಾಕು ಅಕ್ಕ."

ಕೈಯಲ್ಲಿದ್ದ ಟವೆಲ್ ಹಿಡಿದುಕೊಂಡು ಹಾಗೇ ನಿಂತೆ. ನೀನೇ ಸಾಕು. ನೀನೇ ಬೆಳೆಸು. ಹೀಗೆ ಕೊಡುತ್ತಾರಾ ಮಗುವನ್ನು, ಒಂದೇ ಮಾತಿನಲ್ಲಿ, ತಿರುಗಿಯೂ ನೋಡದೆ?

ಮತ್ತೆ ಕೇಳಲಿಲ್ಲ. ಕೇಳಿದರೆ ಎಲ್ಲಿ ಮಾತು ವಾಪಸ್ ತೆಗೆದುಕೊಳ್ಳುತ್ತಾಳೋ ಎಂಬ ಭಯ. ನನಗೆ ನಲವತ್ತೆರಡು. ಮದುವೆ ಬೇಡ ಎಂದವಳು ನಾನೇ. ಮಗು ಬೇಡ ಎಂದು ಯಾವತ್ತೂ ಅಂದಿರಲಿಲ್ಲ… ಯಾರೂ ಕೇಳಿರಲಿಲ್ಲ, ಅಷ್ಟೇ.

ಸರಿ. ಸಾಕುತ್ತೇನೆ. ಹೇಗೆ ಸಾಕುತ್ತೇನೆ ಅಂತ ನೋಡಲಿ ಎಲ್ಲರೂ.

ಮೇ 27

ಮಕ್ಕಳ ಡಾಕ್ಟರ್ ಹತ್ತಿರ ಹೋಗಿ ಬಂದೆ. ತೂಕ ಪರವಾಗಿಲ್ಲ. ಆಮೇಲೆ ಅವರು ತಮ್ಮ ಮುಖವನ್ನು ಮಗುವಿನ ಮುಖದ ಹತ್ತಿರ ತಂದರು. ಪಕ್ಕಕ್ಕೆ ಸರಿಸಿದರು. ಮಗು ಎಲ್ಲಿಗೋ ನೋಡುತ್ತಿತ್ತು. ಡಾಕ್ಟರ್ ಇನ್ನೊಂದು ಸಲ ಸರಿಸಿ ನೋಡಿದರು.

"ಕಣ್ಣು ಚೆನ್ನಾಗಿದೆ, ಆಸ್ಪತ್ರೇಲೇ ನೋಡಿದ್ದಾರೆ. ಆದ್ರೆ ಹುಟ್ಟಿದಾಗ ಉಸಿರು ತಡ ಆಯ್ತಲ್ಲ, ಕಣ್ಣು ಕಂಡಿದ್ದು ತಲೆಗೆ ತಿಳೀಬೇಕು. ಅದನ್ನ ಕಾದು ನೋಡ್ಬೇಕು."

"ಎಷ್ಟು ದಿನ?"

"ಹುಟ್ಟಿದ ದಿನದಿಂದ ಲೆಕ್ಕ ಹಾಕ್ಬೇಡಿ, ಹುಟ್ಟಬೇಕಾಗಿದ್ದ ದಿನದಿಂದ ಹಾಕಿ. ಅಲ್ಲಿಂದ ಎರಡು ತಿಂಗಳ ಹೊತ್ತಿಗೆ ಮುಖ ನೋಡ್ಬೇಕು, ಆಡಿಸಿದ್ದರ ಹಿಂದೆ ಕಣ್ಣು ಹೋಗ್ಬೇಕು. ಆಗಸ್ಟ್ ಮೊದಲ ವಾರ ಬನ್ನಿ. ಆಗ್ಲೂ ಇಲ್ಲ ಅಂದ್ರೆ ದೊಡ್ಡ ಟೆಸ್ಟುಗಳು ಮಾಡೋಣ."

ಅಲ್ಲಿಯವರೆಗೆ ಕೈ ಕಟ್ಟಿ ಕೂರಬೇಕಾ ಎಂದೆ. ಆಗ ಕಾರ್ಡುಗಳ ವಿಷಯ ಹೇಳಿದರು. ಕಪ್ಪು, ಬಿಳುಪು. ದಪ್ಪ ಗೆರೆ, ದೊಡ್ಡ ಚುಕ್ಕಿ. ಎಳೆಗಣ್ಣಿಗೆ ತಿಳಿ ಬಣ್ಣಗಳೆಲ್ಲ ಮಸಕು ಮಸಕು. ಕಪ್ಪು ಬಿಳುಪು ಸೇರುವ ಅಂಚು ಮಾತ್ರ ಎದ್ದು ಕಾಣುತ್ತದಂತೆ. ಹಿಡಿಯಬೇಕಾದ ದೂರ ಒಂದು ಗೇಣು. ಅದರಾಚೆಗಿನ ಪ್ರಪಂಚ ಅದಕ್ಕಿನ್ನೂ ಮಂಜು.

"ತೋರಿಸಿದ್ರೆ ನೋಟ ಬರತ್ತಾ?"

"ಕಾರ್ಡು ಔಷಧಿ ಅಲ್ಲಮ್ಮ. ನೋಡೋಕೆ ಒಂದು ಕಾರಣ ಕೊಟ್ಟ ಹಾಗೆ, ಅಷ್ಟೇ. ಖುಷಿಯಾಗಿದ್ದಾಗ ತೋರ್ಸಿ, ಬೇಡ ಅಂದ್ರೆ ಬಿಡಿ."

ಔಷಧಿ ಅಲ್ಲ ಎಂದರು. ನಾನು ಔಷಧಿ ಎಂದೇ ಮನೆಗೆ ತಂದೆ.

ಮೇ 29, ಸಂಜೆ

ಕಾರ್ಡು ಬೇರೆಲ್ಲಿ ಹುಡುಕಲಿ? ನಮ್ಮ ಸ್ಕೂಲಿನ ಗೋಡೆಯಲ್ಲೇ ಇವೆ — ರಸ್ತೆ ಚಿಹ್ನೆಗಳು. ಎಡ ತಿರುವು, ಬಲ ತಿರುವು, ಅಂಕುಡೊಂಕು ರಸ್ತೆ, ಜೀಬ್ರಾ ಪಟ್ಟೆ. ಫೋಟೊ ತೆಗೆದು ಪ್ರಿಂಟ್ ಅಂಗಡಿಗೆ ಹೋದೆ. ಕೆಂಪು ಗಿಂಪು ಏನೂ ಬೇಡ, ಅಚ್ಚ ಕಪ್ಪು, ಅಚ್ಚ ಬಿಳುಪು, ಒಂದೊಂದೂ ಕೈಯಗಲ ಎಂದೆ.

ಅಂಗಡಿಯವನು ತಿರುಗಿಸಿ ತಿರುಗಿಸಿ ನೋಡಿದ. "ಹೊಸ ರೂಲ್ಸ್ ಬಂದಿದ್ಯಾ ಮೇಡಂ?"

"ಹೊಸ ಡ್ರೈವರ್ ಬಂದಿದ್ದಾಳೆ."

ಗಟ್ಟಿಯಾಗಿರಲಿ, ಜೊಲ್ಲು ಬಿದ್ದರೆ ಒರೆಸಬಹುದು ಎಂದು ಎಲ್ಲಕ್ಕೂ ಲ್ಯಾಮಿನೇಶನ್ ಮಾಡಿಸಿದೆ. ಫಳಫಳ ಅನ್ನುತ್ತಿವೆ. ನಾಳೆಯಿಂದ ಕ್ಲಾಸು ಶುರು.

ಜೂನ್ 5

ಇಲ್ಲ.

ಹಾಲು ಕುಡಿದು, ತೇಗು ಬಂದು, ಕಣ್ಣು ಬಿಟ್ಟುಕೊಂಡಿರುವ ಹೊತ್ತು ನೋಡಿ ಶುರು ಮಾಡುತ್ತೇನೆ. ಜೀಬ್ರಾ ಪಟ್ಟೆ — ಇಲ್ಲ. ಬಾಣದ ಗುರುತು — ಇಲ್ಲ. ಅಂಕುಡೊಂಕು ರಸ್ತೆ ತೋರಿಸಿದರೆ ಆಕಳಿಕೆ. ಕಾರ್ಡಿನ ಪಕ್ಕಕ್ಕೆ, ಮೇಲಕ್ಕೆ, ನನ್ನ ಕಿವಿಯ ಆಚೆಗೆ, ಎಲ್ಲಿಗೆ ಬೇಕಾದರೂ ನೋಡುತ್ತದೆ, ಕಾರ್ಡೊಂದನ್ನು ಬಿಟ್ಟು.

ಇರಲಿ. ಮೊದಲ ದಿನವೇ ಹಾಫ್ ಕ್ಲಚ್ ಬಂದವರನ್ನು ನಾನಂತೂ ಕಂಡಿಲ್ಲ. ನಾಳೆ ಮತ್ತೆ.

ತಂಗಿ ಇವತ್ತೂ ಎದ್ದಿಲ್ಲ. ತಟ್ಟೆ ಇಟ್ಟರೆ ಎರಡು ತುತ್ತು. ಮಗು ಅತ್ತರೆ ದಿಂಬಿನಲ್ಲಿ ಮುಖ ಹುದುಗಿಸುತ್ತಾಳೆ. ಎಷ್ಟೆಂದರೂ ಕೊಟ್ಟಾಯಿತಲ್ಲ, ಇನ್ನೇಕೆ ತಲೆನೋವು ಅಂತಿರಬೇಕು. ಹೀಗೆ ಬರೆದದ್ದಕ್ಕೆ ನನಗೇ ಕಸಿವಿಸಿಯಾಗುತ್ತಿದೆ. ಹೊಡೆದುಹಾಕುವುದಿಲ್ಲ, ಇರಲಿ.

ಜೂನ್ 12

ಬೆಳಗಿನ ಬ್ಯಾಚ್ ಮತ್ತೆ ಶುರು ಮಾಡಿದೆ. ರಜೆ ಮುಗಿಯಿತು. ಆ ಹೊತ್ತು ಮಗು ಮಲಗಿರುತ್ತದೆ; ತಂಗಿ ಮನೆಯಲ್ಲಿದ್ದಾಳೆ ಅಂತ ಒಂದು ಹೆಸರಿಗೆ. ಪಾಠ ಮುಗಿದ ಕೂಡಲೇ ಓಡಿ ಬರುತ್ತೇನೆ.

ಇವತ್ತು ಕ್ಲಚ್ ತಾತನ ಸರದಿ. ರಿಟೈರ್ ಆದ ಮೇಲೆ ಕಾರು ಕಲಿಯುವ ಹುಚ್ಚು ಹತ್ತಿದೆ ಅವರಿಗೆ. ಕ್ಲಚ್ ಮೇಲಿಟ್ಟ ಕಾಲು ತೆಗೆಯುವುದೇ ಇಲ್ಲ. ತಿರುವಿನಲ್ಲಿ ಒಂದು ಸ್ಕೂಟರ್ ಎದುರಾಯಿತು, ನಾನು ನನ್ನ ಕಡೆಯ ಬ್ರೇಕ್ ಒತ್ತಿದೆ. ತಾತ ಸ್ಟಿಯರಿಂಗ್ ಬಿಟ್ಟು ಎರಡೂ ಕೈ ಮೇಲೆತ್ತಿದರು.

"ಮೇಡಂ, ನಾನೇ ಒತ್ತೋನಿದ್ದೆ. ನಾನು ಕಾಲು ಎತ್ತೋದ್ರೊಳಗೆ ನೀವು ಒತ್ತಿರ್ತೀರ. ಹಿಂಗಾದ್ರೆ ನಂಗೆ ಬರೋದು ಯಾವಾಗ?"

"ನಿಮಗೆ ಬರೋವರೆಗೂ ಆ ಸ್ಕೂಟರಿನವನು ಬದುಕಿರ್ಬೇಕಲ್ಲ ತಾತ."

ನಕ್ಕರು. ಆದರೂ ಮುಖ ಸ್ವಲ್ಪ ಊದಿಸಿಕೊಂಡೇ ಇಳಿದು ಹೋದರು. ನಾಳೆ ಬಂದೇ ಬರುತ್ತಾರೆ.

ಜೂನ್ 18, ಮಧ್ಯಾಹ್ನ

ಒಂದು ಸಂಗತಿ ನಡೆಯಿತು.

ಕಾರ್ಡಿನ ಪಾಠ ಇವತ್ತು ಹಠ ಹಿಡಿದು ಸ್ವಲ್ಪ ಹೆಚ್ಚೇ ಮಾಡಿದೆ. ಬೆಳಕು ಚೆನ್ನಾಗಿ ಬೀಳಲಿ ಎಂದು ತಂಗಿಯ ಕೋಣೆಯ ಕಿಟಕಿಯ ಹತ್ತಿರ ಮಗುವನ್ನು ಮಲಗಿಸಿಕೊಂಡಿದ್ದೆ. ಮಗು ತಲೆ ಆಚೆ ತಿರುಗಿಸಿತು. ನಾನೂ ಕಾರ್ಡನ್ನು ಆಚೆ ತಂದೆ. ಈಚೆ ತಿರುಗಿಸಿತು. ನಾನೂ ಈಚೆ. ಬಿಕ್ಕಳಿಕೆ ಬಂತು, ಬೆರಳೆಲ್ಲ ಸೆಟೆದವು, ಕೊನೆಗೆ ಕಿರುಚಾಟ.

ಹಿಂದಿನಿಂದ ಒಂದು ದನಿ: "ಶೈನ್ ಹೊಡೀತಿದೆ ಅಕ್ಕ."

ತಿರುಗಿದೆ. ತಂಗಿ ಈಚೆ ಮಗ್ಗುಲಾಗಿದ್ದಳು. ಕೂದಲು ಗಂಟು ಗಂಟು. ಕಣ್ಣು ಮಾತ್ರ ಕಾರ್ಡಿನ ಮೇಲಿತ್ತು.

"ಏನು?"

"ಲ್ಯಾಮಿನೇಶನ್ನು. ಕಿಟಕಿ ಬೆಳಕು ಪೂರ್ತಿ ಅದರ ಮೇಲೇ ಬಿದ್ದಿದೆ. ಅದಕ್ಕೆ ಚಿತ್ರ ಎಲ್ಲಿ ಕಾಣ್ಬೇಕು, ಕಣ್ಣಿಗೆ ಟಾರ್ಚ್ ಬಿಟ್ಟ ಹಾಗಾಗ್ತಿದೆ."

ಮಗು ಮಲಗಿದ ಮಟ್ಟಕ್ಕೆ ತಲೆ ತಗ್ಗಿಸಿ ನೋಡಿದೆ. ಹೌದು. ಪಟ್ಟೆಯೂ ಇಲ್ಲ, ಬಾಣವೂ ಇಲ್ಲ. ಬರೀ ಬೆಳ್ಳಗಿನ ಕಿಟಕಿ. ಇಷ್ಟು ದಿನ ಆ ಕೂಸಿಗೆ ನಾನು ತೋರಿಸಿದ್ದು ಇದನ್ನು!

ತಂಗಿ ಫೋಟೊ ಸ್ಟುಡಿಯೋದಲ್ಲಿ ಕೆಲಸ ಮಾಡುವವಳು. ಪಾಸ್‌ಪೋರ್ಟ್ ಫೋಟೊ, ಕನ್ನಡಕ ಹಾಕಿದವರ ಮುಖ, ಮಿಂಚುವ ಬೋಳುತಲೆ — ಎಲ್ಲಿ ಶೈನ್ ಹೊಡೆಯುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ. ಇನ್ನೇನಾದರೂ ಹೇಳುತ್ತಾಳೇನೋ ಎಂದು ಕಾದೆ. ಮತ್ತೆ ಗೋಡೆಗೆ ತಿರುಗಿದಳು.

ಕಾರ್ಡುಗಳ ಹೊದಿಕೆ ಕಿತ್ತೆ. ಅರ್ಧ ಹರಿದುಹೋದವು. ನಾಳೆ ಹೊಸದು ಮಾಡಿಸಬೇಕು, ಮಿಂಚದ ದಪ್ಪ ಕಾಗದದಲ್ಲಿ.

ಜೂನ್ 19

ಬಿಕ್ಕಳಿಕೆಯ ವಿಷಯ ಕೇಳಲು ಡಾಕ್ಟರಿಗೆ ಫೋನ್ ಮಾಡಿದೆ.

"ಮುಖ ತಿರುಗಿಸೋದು, ಬಿಕ್ಕಳಿಸೋದು, ಬೆರಳು ಸೆಟೆಸೋದು — ಅದೆಲ್ಲ ಸಾಕು ಅಂತ ಹೇಳೋದು. ಅದಕ್ಕೆ ಬೇರೆ ಭಾಷೆ ಇಲ್ವಲ್ಲ. ಆಗ ನಿಲ್ಲಿಸ್ಬಿಡ್ಬೇಕು." ಆಮೇಲೆ ಇದ್ದಕ್ಕಿದ್ದಂತೆ: "ಮಗುವಿನ ಅಮ್ಮ ಹೇಗಿದ್ದಾರೆ?"

"ಮಲಗಿರ್ತಾಳೆ."

"ಯಾವಾಗ್ಲೂನಾ? ಊಟ? ಮಗೂನ ಎತ್ಕೋತಾರಾ?"

ಹೇಳಿದೆ. ಆ ಕಡೆಯಿಂದ ಗದರಿದರು, ನಿಜವಾಗಿಯೂ ಗದರಿದರು. "ಇಷ್ಟು ದಿನ ಯಾಕೆ ಹೇಳ್ಲಿಲ್ಲ? ಅದು ಸೋಮಾರಿತನ ಅಲ್ಲ, ಹೆರಿಗೆ ಆದ್ಮೇಲೆ ಬರೋ ಕಾಯಿಲೆ. ವಾಸಿ ಆಗತ್ತೆ. ನಾಳೇನೇ ಕರ್ಕೊಂಡು ಬನ್ನಿ."

ಸೋಮಾರಿತನ ಎಂದು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಮನಸ್ಸಿನಲ್ಲಿ ಅಂದುಕೊಂಡಿದ್ದೆ, ಒಂದಲ್ಲ ಹತ್ತು ಸಲ. ನಾಳೆ ಹೊತ್ತುಕೊಂಡಾದರೂ ಹೋಗುತ್ತೇನೆ.

ಜೂನ್ 28

ಮಾತ್ರೆ ಶುರುವಾಗಿ ವಾರವಾಯಿತು. ವಾರಕ್ಕೊಮ್ಮೆ ಮಾತಾಡಿಸುವ ಇನ್ನೊಬ್ಬ ಡಾಕ್ಟರೂ ಇದ್ದಾರೆ. ಒಂದೇ ದಿನಕ್ಕೆ ಏನೂ ಆಗದು ಎಂದಿದ್ದಾರೆ. ಆದರೂ ನಿನ್ನೆ ತಲೆ ಬಾಚಿಕೊಂಡಿದ್ದಳು. ಇವತ್ತು ಅಡುಗೆಮನೆಯವರೆಗೆ ಬಂದು ತಾನೇ ಟೀ ಮಾಡಿಕೊಂಡಳು. ನನಗೂ ಒಂದು ಲೋಟ ಇಟ್ಟಿದ್ದಳು. ಸಕ್ಕರೆ ಮರೆತಿದ್ದಳು, ಗಟಗಟ ಅಂತ ಕುಡಿದೆ.

ಹೊಸ ಕಾರ್ಡು ಚೆನ್ನಾಗಿವೆ. ಎಲ್ ಬೋರ್ಡ್ ಇನ್ನೂ ನೋಡುತ್ತಿಲ್ಲ. ಒಂದು ಸಲ ಜೀಬ್ರಾ ಪಟ್ಟೆಯ ಮೇಲೆ ಕಣ್ಣು ನಿಂತಂತೆ ಅನ್ನಿಸಿತು. ನನ್ನ ಆಸೆಗೆ ಹಾಗೆ ಕಂಡಿತೋ ಏನೋ… ಲೆಕ್ಕಕ್ಕಿಲ್ಲ.

ಪಾಠ ಮುಗಿಸಿ ಬಂದಾಗ ಹಾರ್ನ್ ಜೋರಾಗಿತ್ತು. ಚಪ್ಪಲಿ ಕಳಚಿ, ಕೈ ತೊಳೆದು ಎತ್ತಿಕೊಂಡು ಅಂದೆ: "ಬಂದ್ಲು ಬಂದ್ಲು, ಅಮ್ಮ ಬಂದ್ಲು."

ಬಾಯಿಗೆ ಬಂದುಬಿಟ್ಟಿತು. ದೊಡ್ಡಮ್ಮ ಅನ್ನಬೇಕಿತ್ತು. ಆದರೆ ಏನು ತಪ್ಪು? ಸಾಕುವವಳು ಅಮ್ಮನೇ ತಾನೆ. ತಂಗಿ ತನ್ನ ಕೋಣೆಯ ಬಾಗಿಲಲ್ಲೇ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ. ತಿರುಗಿ ಒಳಗೆ ಹೋದಳು.

ಜುಲೈ 3

ಸ್ನಾನದ ಮನೆಯಲ್ಲಿದ್ದೆ. ತಂಗಿ ಬಾಗಿಲು ತಟ್ಟಿದಳು. "ನಿನ್ನ ಮಗು ಅಳ್ತಿದೆ."

ನಿನ್ನ ಮಗು. ತಣ್ಣಗೆ ಹೇಳಿದಳು. ಆದರೆ ಹೇಳಿದಳಲ್ಲ. ಇನ್ನೇನು ಅನುಮಾನ ಉಳಿಯಿತು? ತಲೆಯಲ್ಲಿ ಸೋಪಿದ್ದ ಹಾಗೇ ಓಡಿ ಬಂದು ಎತ್ತಿಕೊಂಡೆ. ಅವಳು ಪಕ್ಕದಲ್ಲೇ ನಿಂತಿದ್ದಳು, ಕೈ ಅರ್ಧ ಮುಂದೆ ಚಾಚಿ. ನಾನು ಎತ್ತಿಕೊಂಡ ಮೇಲೆ ಕೈ ಹಿಂದಕ್ಕೆ ತೆಗೆದುಕೊಂಡಳು.

ಜುಲೈ 8

ಯಾರೋ ಕಾರ್ಡುಗಳನ್ನು ಮುಟ್ಟುತ್ತಿದ್ದಾರೆ. ನಾನು ಬಿಟ್ಟು ಹೋಗುವಾಗ ಮೇಲಿದ್ದದ್ದು ಜೀಬ್ರಾ. ಬಂದಾಗ ಮೇಲಿದ್ದದ್ದು ಹೊಸ ಕಾರ್ಡು — ಕೈಯಿಂದ ಬರೆದದ್ದು, ಕಪ್ಪು ವೃತ್ತ, ಒಳಗೆ ಎರಡು ಚುಕ್ಕಿ, ಕೆಳಗೊಂದು ಗೆರೆ. ಮುಖ.

ಈ ಮನೆಯಲ್ಲಿ ಇರುವುದೇ ಮೂವರು. ಒಬ್ಬಳಿಗೆ ಇನ್ನೂ ಮುಷ್ಟಿ ಬಿಚ್ಚಲೂ ಬರುವುದಿಲ್ಲ. ನಾನು ಕೇಳಲಿಲ್ಲ.

ಜುಲೈ 11

ಬರೆಯಲೋ ಬೇಡವೋ. ಬರೆಯುತ್ತೇನೆ.

ಕ್ಲಚ್ ತಾತ ಇವತ್ತು ಬರಲಿಲ್ಲ. ಬೇಗ ಮನೆಗೆ ಬಂದೆ. ಬೀಗದ ಕೈ ತಿರುಗಿಸಿ ಒಳಗೆ ಕಾಲಿಟ್ಟೆ, ಅವಳಿಗೆ ಕೇಳಿಸಲಿಲ್ಲ. ನನ್ನ ಹಾಸಿಗೆಯ ಮೇಲೆ ಕೂತಿದ್ದಾಳೆ. ತೊಡೆಯ ಮೇಲೆ ಮಗು. ತಾನು ಬರೆದ ಕಾರ್ಡನ್ನು ತನ್ನ ಕೆನ್ನೆಗೇ ಆನಿಸಿ ಹಿಡಿದಿದ್ದಾಳೆ, ನಾಲಿಗೆಯಲ್ಲಿ ಟಕ್ ಟಕ್ ಎಂದು ಸದ್ದು ಮಾಡುತ್ತಾ.

"ಇಲ್ಲಿ ನೋಡಿ ಪುಟ್ಟಮ್ಮ… ಇಲ್ಲಿ… ಅಲ್ಲಾಡ್ಬಾರ್ದು… ರೆಡಿ…"

ಸ್ಟುಡಿಯೋದಲ್ಲಿ ಅಳುವ ಮಕ್ಕಳನ್ನು ಕ್ಯಾಮೆರಾ ಕಡೆ ನೋಡಿಸುವುದು ಅವಳದೇ ಕೆಲಸ.

ನಾನಿದ್ದ ಜಾಗದಿಂದ ಮಗುವಿನ ಕಣ್ಣು ಚೆನ್ನಾಗಿ ಕಾಣುತ್ತಿತ್ತು. ಅಲೆಯುತ್ತಿತ್ತು, ಎಂದಿನ ಹಾಗೆ. ಹಾಗೇ ಬಂದು ಕಾರ್ಡಿನ ಮೇಲೆ ನಿಂತಿತು. ನಿಂತಿತು! ಸುಳ್ಳಲ್ಲ, ನನ್ನ ಆಸೆಯಲ್ಲ. ಕಾಲು ಬಡಿಯುವುದನ್ನೂ ಮರೆತು ನೋಡಿತು. ಆಮೇಲೆ ಕಾರ್ಡಿನಿಂದ ಜಾರಿ ಪಕ್ಕಕ್ಕೆ, ತಂಗಿಯ ಮುಖಕ್ಕೆ. ಅಲ್ಲೂ ನಿಂತಿತು.

ಕುಣಿದಾಡಬೇಕಿತ್ತು ನಾನು. ಇಷ್ಟು ದಿನ ಹಲ್ಲು ಕಚ್ಚಿಕೊಂಡು ಕಾದದ್ದು ಇದಕ್ಕೇ ತಾನೆ. ಆದರೆ ಆಗಿದ್ದು ಹೊಟ್ಟೆಕಿಚ್ಚು. ನನ್ನನ್ನು ನೋಡಬೇಕಿತ್ತು ಅದು. ಬಾಟಲಿ ಕುದಿಸಿದವಳು ನಾನು, ನಿದ್ದೆಗೆಟ್ಟವಳು ನಾನು.

ಒಳಗೆ ಹೋದೆ. "ಕೊಡು, ಹಾಲಿನ ಹೊತ್ತು" ಎಂದು ಅವಳ ತೊಡೆಯಿಂದ ಎತ್ತಿಕೊಂಡೆ. ಹಾಲಿನ ಹೊತ್ತಾಗಿರಲಿಲ್ಲ. ಅವಳಿಗೂ ಗೊತ್ತಿತ್ತು. ಕಾರ್ಡನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು.

ಜುಲೈ 12, ಬೆಳಗ್ಗೆ

ನಿರ್ಧಾರ ಮಾಡಿದ್ದೇನೆ. ಇನ್ನು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಇರುವುದು ಬೇಡ. ಇವತ್ತು ಹಡಗಿನವನು ವೀಡಿಯೊ ಕಾಲ್ ಮಾಡುವ ದಿನ. ತಂಗಿಗಿಂತ ಮೊದಲು ನಾನೇ ಮಾತಾಡಿ ಎಲ್ಲವನ್ನೂ ಇತ್ಯರ್ಥ ಮಾಡಿಬಿಡುತ್ತೇನೆ.

ಅದೇ ದಿನ, ಸಂಜೆ

ಇತ್ಯರ್ಥವಾಯಿತು.

ಅವನ ಹಿಂದೆ ಇಂಜಿನ್ನಿನ ಗದ್ದಲ. ಮೆಲ್ಲಗೆ ಶುರು ಮಾಡಿದೆ, ಮಗು ನನ್ನ ಹತ್ತಿರವೇ ಇರಲಿ, ನಾನೇ ಸಾಕುತ್ತೇನೆ ಎಂದು.

"ಏನಕ್ಕಾ? ಕೇಳಿಸ್ತಿಲ್ಲ!"

"ಮಗೂನ ನಾನೇ ಸಾಕ್ತೀನಿ ಅಂದೆ!"

"ಯಾರು? ಯಾರು ಹಾಕ್ತಾರೆ?"

"ಸಾಕ್ತೀನಿ! ನಾನು! ಮಗೂನ ನಾನೇ ಸಾಕ್ತೀನಿ!"

ಇಡೀ ಕಟ್ಟಡಕ್ಕೆ ಕೇಳಿಸಿರಬೇಕು. ತಂಗಿ ಬಂದು ನಿಂತಳು. ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನ ಕೈಯಿಂದ ಫೋನ್ ತೆಗೆದುಕೊಂಡು "ಆಮೇಲೆ ಮಾಡ್ತೀನಿ" ಎಂದು ಇಟ್ಟಳು.

"ಏನಂದೆ ಅಕ್ಕ?"

"ನೀನೇ ಹೇಳಿದ್ದು ತಾನೆ."

"ನಾನಾ? ಯಾವಾಗ?"

"ಬಂದ ಹೊಸದ್ರಲ್ಲಿ. ನೀನೇ ಸಾಕು ಅಂದೆ."

ಅವಳಿಗೆ ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಆಯಾ ಬೇಕಾ ಅಂತ ಕೇಳ್ದೆ ನೀನು. ಯಾರೂ ಬೇಡ, ನೀನೊಬ್ಬಳೇ ಸಾಕು ಅಂದೆ. ನೀನಿದ್ರೆ ಸಾಕು ಅಂತ! ಬೇರೆಯವರ ಮುಂದೆ ಹಿಂಗೆ ಬಿದ್ಕೊಂಡಿರೋಕೆ ನಾಚಿಕೆ ಅಂತ!"

ಕೂತುಬಿಟ್ಟೆ.

"ಇಷ್ಟು ದಿನ ನಾನು ಅದಕ್ಕೆ ಲಾಯಕ್ಕಿಲ್ಲ ಅಂತ ನೀನು ತೀರ್ಮಾನ ಮಾಡಿದ್ದೀಯ ಅಂದ್ಕೊಂಡಿದ್ದೆ. ಎತ್ಕೊಳ್ಳೋಕೆ ಬಂದ್ರೆ ನೀನು ಮೊದ್ಲೇ ಎತ್ಕೊಂಡಿರ್ತಿದ್ದೆ. ಅಕ್ಕ ಹೇಳಿದ್ದು ಯಾವತ್ತು ತಪ್ಪಾಗಿದೆ, ಹಾಗಾದ್ರೆ ಸರಿಯೇ ಇರ್ಬೇಕು ಅಂದ್ಕೊಂಡೆ."

ಒಂದು ಮಾತಿಗೆ ಎರಡು ಅರ್ಥ. ನನಗೆ ಬೇಕಾದದ್ದನ್ನು ನಾನು ಎತ್ತಿಕೊಂಡೆ. ಮತ್ತೆ ಕೇಳಬಾರದು ಎಂದು ಆವತ್ತೇ ನಿರ್ಧರಿಸಿದ್ದೆನಲ್ಲ, ಒಳಗೆಲ್ಲೋ ಗೊತ್ತಿತ್ತು ಅಂತಲೇ ಅದರರ್ಥ.

ಅವಳು ಅಳುತ್ತಿದ್ದಳು. ನಾನೂ. ಮಗುವೊಂದು ಮಾತ್ರ ಅಳುತ್ತಿರಲಿಲ್ಲ. ಎತ್ತಿ ಅವಳ ಕೈಗೆ ಕೊಟ್ಟೆ. ನನಗೆ ಆ ಮಗು ಬೇಕಿತ್ತು. ತುಂಬಾ ಬೇಕಿತ್ತು.

ಮಧ್ಯಾಹ್ನ ತೊಟ್ಟಿಲನ್ನು ಒಳಕೋಣೆಗೆ ಸಾಗಿಸಿದೆವು. ಬಾಗಿಲಲ್ಲಿ ಹಿಡಿಸಲಿಲ್ಲ. ಕಾಲು ಬಿಚ್ಚಿ, ಓರೆ ಮಾಡಿ, ಬೈದುಕೊಂಡು ಒಳಗೆ ತಳ್ಳಿದೆವು. ಮುಂದಿನ ಕೋಣೆ ಈಗ ದೊಡ್ಡದಾಗಿ ಕಾಣುತ್ತಿದೆ.

ಜುಲೈ 13

ಬರೆಯುವಂಥದ್ದು ಏನೂ ಇಲ್ಲ.

ಜುಲೈ 28

ನನ್ನ ಮನೆಯ ಬೀಗ ತೆಗೆದಾಯಿತು. ಧೂಳು ಹೊಡೆದಾಯಿತು. ಮಲಗುವುದು ಇಲ್ಲೇ ಈಗ. ಹಗಲು ಪಾಠದ ನಡುವೆ ಅಲ್ಲಿಗೆ ಹೋಗುತ್ತೇನೆ. ತಂಗಿ ಸ್ವಲ್ಪ ಮಲಗುತ್ತಾಳೆ, ಇಲ್ಲವೇ ಹೊರಗೆ ಒಂದು ಸುತ್ತು ನಡೆದು ಬರುತ್ತಾಳೆ. ಈಗಲೂ ಕೆಲವು ದಿನ ಎದ್ದು ಕೂರುವುದೇ ದೊಡ್ಡ ಕೆಲಸ ಅವಳಿಗೆ. ಅಂಥ ದಿನ ಫೋನ್ ಮಾಡಿ "ಬಾ" ಅನ್ನುತ್ತಾಳೆ. ಹೋಗುತ್ತೇನೆ. ಅವಳಾಗಿ ಕೊಡುವವರೆಗೆ ಮಗುವಿಗೆ ಕೈ ಚಾಚುವುದಿಲ್ಲ. ಎಷ್ಟು ಕಷ್ಟ ಅಂತ ನನಗೇ ಗೊತ್ತು.

ಮೊದಲ ಎರಡು ದಿನ ಹೋಗದೇ ಇದ್ದುಬಿಡಲಾ ಅನ್ನಿಸಿತ್ತು. ಕೈ ತೊಳೆದುಕೊಂಡು ಸುಮ್ಮನಿರುವುದು ಸುಲಭ. ಆದರೆ ಆಗಸ್ಟ್ ಹತ್ತಿರ ಬರುತ್ತಿದೆ, ಮಗುವಿನ ಕಣ್ಣು ನಿಲ್ಲುತ್ತದೆ ನಿಜ, ಯಾವುದರ ಹಿಂದೆಯೂ ಹೋಗುತ್ತಿಲ್ಲ. ಕಾರ್ಡು ಪಕ್ಕಕ್ಕೆ ಸರಿದರೆ ಮಗು ಇದ್ದಲ್ಲೇ ಇರುತ್ತದೆ, ಕಾರ್ಡಿದ್ದ ಖಾಲಿ ಜಾಗವನ್ನು ನೋಡುತ್ತಾ. ತಂಗಿಗೆ ಅದನ್ನು ನೋಡಿದರೆ ಭಯ. ಒಬ್ಬಳೇ ಹೆದರುವುದಕ್ಕಿಂತ ಇಬ್ಬರೂ ಕೂತು ಹೆದರುವುದು ವಾಸಿ. ನನ್ನ ಸಿಟ್ಟು ಸೆಡವು ಆಮೇಲೆ ನೋಡಿಕೊಂಡರಾಯಿತು.

ಬೆಳಗ್ಗೆ ಅವಳು, ಮಧ್ಯಾಹ್ನ ನಾನು. ಆಕಳಿಸಿದರೆ ನಿಲ್ಲಿಸುತ್ತೇವೆ. ಮತ್ತೆ ಹಿಡಿಯುತ್ತೇವೆ. ಬಿಡುವುದಿಲ್ಲ.

ಆಗಸ್ಟ್ 2

ಇವತ್ತೂ ಇಲ್ಲ. ಅರ್ಧ ದಾರಿ ಕೂಡ ಇಲ್ಲ. ತಂಗಿ "ಬರದೇ ಇದ್ರೆ ಏನು ಮಾಡೋದು ಅಕ್ಕ?" ಎಂದಳು.

"ಬರದೇ ಇದ್ರೆ ಅದಕ್ಕೆ ಕೈ ಹಿಡಿದು ನಡೆಸೋಕೆ ಇಬ್ರಿದ್ದೀವಿ. ಮೂರನೆಯವನು ಹಡಗಿಳಿದು ಬರ್ತಾನೆ."

ಧೈರ್ಯವಾಗಿ ಹೇಳಿದೆ. ಮೆಟ್ಟಿಲನ್ನು ಮಾತ್ರ ಕಂಬಿ ಹಿಡಿದುಕೊಂಡೇ ಇಳಿದೆ.

ಆಗಸ್ಟ್ 5

ಡಾಕ್ಟರ್. ಮೂವರೂ ಹೋದೆವು.

ಮಗು ಮೊದಲು ನಿದ್ದೆ ಮಾಡಿತು. ಎಬ್ಬಿಸಿದರೆ ಹಾರ್ನ್. ಡಾಕ್ಟರ್ ಕಾದರು, ಪುಣ್ಯಾತ್ಮೆ. ಹಾಲು ಕೊಟ್ಟೆವು. ಸಮಾಧಾನವಾಯಿತು. ಡಾಕ್ಟರ್ ತಮ್ಮ ಮುಖ ತಂದರು — ನೋಡಿತು. ಮುಖ ಸರಿಸಿದರು — ಕಣ್ಣು ಹೋಗಲಿಲ್ಲ. ಬರೆದುಕೊಳ್ಳಲು ಪೆನ್ನು ಎತ್ತಿಕೊಂಡರು.

"ಒಂದ್ನಿಮಿಷ ಡಾಕ್ಟ್ರೇ" ಎಂದೆ. ಬ್ಯಾಗಿನಲ್ಲಿ ಕಾರ್ಡಿತ್ತು. ತೆಗೆದೆ. ನನ್ನ ಕೈ ಮಗುವಿನ ಕಡೆಗೇ ಹೊರಟಿತ್ತು. ತಡೆದು, ತಂಗಿಗೆ ಕೊಟ್ಟೆ.

ಕೆನ್ನೆಗೆ ಆನಿಸಿ ಹಿಡಿದಳು. ಟಕ್ ಟಕ್. ಇಲ್ಲಿ ನೋಡಿ ಪುಟ್ಟಮ್ಮ. ಕಣ್ಣು ನಿಂತಿತು. ಕಾರ್ಡನ್ನೂ ಮುಖವನ್ನೂ ಒಟ್ಟಿಗೇ ಸರಿಸಿದಳು, ನಿಧಾನ, ಬಹಳ ನಿಧಾನ. ಆ ಕಪ್ಪು ಕಣ್ಣುಗಳು ಒಂದು ಸಲ ತಡವರಿಸಿ, ಜಗ್ಗಿ, ಹಿಂದೆ ಬಂದವು. ನಡುವೆ ತಪ್ಪಿಹೋದವು. ಮತ್ತೆ ಹಿಡಿದವು. ಮೊದಲ ಸಲ ಗೇರ್ ಬದಲಿಸುವವರ ಹಾಗೆ ಎಳೆದಾಡಿಕೊಂಡು, ಆದರೂ ಬಂದವು, ಕಿವಿಯ ತನಕ.

"ಇನ್ನೊಂದ್ಸಲ" ಎಂದರು ಡಾಕ್ಟರ್.

ಮಾಡಿದಳು. ಮತ್ತೆ ಬಂದವು.

"ಸಾಕು, ಸಾಕು. ಇಷ್ಟು ಸಾಕು."

ನಾನು ತಂಗಿಯನ್ನು ನೋಡಿದೆ, ತಂಗಿ ನನ್ನನ್ನು. ಇಬ್ಬರಿಗೂ ತಡೆಯಲಾಗದ ನಗು. ನಕ್ಕು ನಕ್ಕು ಕಣ್ಣೆಲ್ಲ ಒದ್ದೆ. ಡಾಕ್ಟರ್ ಪಾಪ, ತಾವೇನು ಹೇಳಿದ್ದು ಎಂದು ತಿಳಿಯದೆ ಅವರೂ ನಕ್ಕರು. ನಿಧಾನವಾಗಿ ಬರುತ್ತಿದೆ, ಬರುತ್ತಿರುವುದು ಮಾತ್ರ ಖಂಡಿತ, ಮುಂದಿನ ತಿಂಗಳು ಮತ್ತೆ ನೋಡೋಣ ಎಂದರು. ಟೆಸ್ಟುಗಳ ಮಾತು ಸದ್ಯಕ್ಕೆ ಇಲ್ಲ.

ಆಗಸ್ಟ್ 11, ಮಧ್ಯಾಹ್ನ

ತಂಗಿಯ ಮನೆಯಲ್ಲಿ. ಬಂದು ಕೂತು ಇನ್ನೂ ಪುಸ್ತಕ ತೆರೆದಿರಲಿಲ್ಲ, ತಂಗಿ ಮಗುವನ್ನು ತಂದು ಹಾಸಿಗೆಯ ಮೇಲೆ ನನ್ನ ಮುಂದೆ ಮಲಗಿಸಿದಳು. "ನೋಡ್ಕೋತಿರು ಅಕ್ಕ, ತಲೆಗೆ ಸ್ನಾನ ಮಾಡ್ಕೊಂಡು ಬರ್ತೀನಿ." ಹೋದಳು. ನೀರಿನ ಸದ್ದು ಕೇಳುತ್ತಿದೆ. ಹಾಡನ್ನೂ ಗುನುಗುತ್ತಿದ್ದಾಳೆ, ಶ್ರುತಿ ಸ್ವಲ್ಪವೂ ಇಲ್ಲ.

ಬೋರಲು ಮಲಗಿ ಬರೆಯುತ್ತಿದ್ದೇನೆ. ಪುಸ್ತಕದ ಪಕ್ಕದಲ್ಲೇ ಎಲ್ ಬೋರ್ಡ್, ಒಂದು ಗೇಣಿನಷ್ಟು ದೂರ. ಈಚೆಗೆ ತಿರುಗಿದೆ. ಸುಮ್ಮನಿದೆ. ಏನು ನೋಡುತ್ತಿದೆ ಎಂದು ಈಗ ಗೊತ್ತಾಯಿತು — ಪೆನ್ನು. ಕಪ್ಪು ಪೆನ್ನು, ಬಿಳಿ ಕಾಗದ. ಸಾಲು ಮುಂದೆ ಹೋದರೆ ಕಣ್ಣೂ ಹೋಗುತ್ತದೆ. ಸಾಲು ಮುಗಿದು ಪೆನ್ನು ಹಿಂದಕ್ಕೆ ಬಂದರೆ ಕಣ್ಣೂ ಹಿಂದಕ್ಕೆ. ಸುಮ್ಮನೆ ಏನಾದರೂ ಬರೆಯುತ್ತಿದ್ದೇನೆ, ನಿಲ್ಲಿಸಲು ಮನಸ್ಸಿಲ್ಲ. ಎಡ, ಬಲ, ಎಡ, ಬಲ. ಅಕ್ಷರ ದೊಡ್ಡದು ಮಾಡಿದೆ. ನೋಡುತ್ತಿದೆ.

ಪೆನ್ನನ್ನು ಬಿಟ್ಟಿತು. ನನ್ನ ಮುಖ ನೋಡುತ್ತಿದೆ. ನನ್ನನ್ನೇ. ತುಟಿ ಏನೋ ಮಾಡುತ್ತಿದೆ, ಒಂದು ಪಕ್ಕ ಮೇಲಕ್ಕೆ — ಗಾಳಿ ಇರಬೇಕು, ಹೊಟ್ಟೆಯ ಗಾಳಿ — ಇಲ್ಲ, ಎರಡೂ ಪಕ್ಕ. ಕಣ್ಣೂ ಸೇರಿಕೊಂಡಿದೆ. ನಗು. ಮೊದಲನೆಯದು. ಕೂಗಿದರೆ ಬೆಚ್ಚಿ ನಿಲ್ಲಿಸಿಬಿಟ್ಟೀತು. ಕೂಗದಿದ್ದರೆ ಇದು ನನಗೊಬ್ಬಳಿಗೇ, ಯಾರಿಗೂ ಗೊತ್ತಾಗದು… ಬೇಡ. ಕೂಗುತ್ತೇನೆ. ಸೋಪು ಮೈಯಲ್ಲೇ ಓಡಿ ಬರಲಿ, ಅವಳೂ ಇದನ್ನು